ಬಾಯಿ ಮುಚ್ಚದ ಅರ್ಧ ಶಾಲು

"ಬುದ್ಧಿ, ಹಂಬಲವನ್ನು ಕತ್ತರಿಸುವುದು ಹೇಗೆ?"

ದೀಕ್ಷೆಗೆ ಒಂದೇ ದಿನ ಬಾಕಿ ಇದ್ದಾಗ ಶಿಷ್ಯ ಷಡಕ್ಷರಿ ಈ ಪ್ರಶ್ನೆ ಕೇಳಿದ. ಗುರುಗಳು ಮಠದ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಅವರು ತಲೆ ಎತ್ತಲಿಲ್ಲ.

"ಕತ್ತರಿಸುವುದಕ್ಕೆ ಅದೇನು ಬದನೆಕಾಯಿಯೇನಯ್ಯಾ? ಯಾರ ಹಂಬಲ, ಅದನ್ನು ಮೊದಲು ಹೇಳು."

"ನನ್ನ ತಮ್ಮ ಗೌರೀಶನದು, ಬುದ್ಧಿ. ನಾನು ಮಠಕ್ಕೆ ಹೊರಟ ದಿನ ಅವನು ಹಿತ್ತಲಲ್ಲಿ ಮುಖ ತಿರುಗಿಸಿಕೊಂಡು ನಿಂತಿದ್ದ. 'ಹೋಗುವುದಾದರೆ ಹೋಗು, ಇನ್ನು ನನಗೆ ಅಣ್ಣ ಇಲ್ಲ' ಅಂದ. ನನಗೂ ಸಿಟ್ಟು ಬಂತು. ಹಾಗೇ ಬಂದುಬಿಟ್ಟೆ. ಅಂದಿನಿಂದ ಅವನೂ ಬಂದಿಲ್ಲ, ನಾನೂ ಹೋಗಿಲ್ಲ. ಪೂಜೆಗೆ ಕುಳಿತರೆ ಅವನ ಬೆನ್ನು ಕಾಣುತ್ತದೆ. ಊಟಕ್ಕೆ ಕುಳಿತರೆ ಅವನು ಉಂಡನೋ ಇಲ್ಲವೋ ಅನ್ನಿಸುತ್ತದೆ. ನಾಳೆ ಕಾವಿ ಉಡುವವನಿಗೆ ಇದು ಸಲ್ಲದು. ನೀವು ಒಂದು ದಾರಿ ಹೇಳಿದರೆ ಇವತ್ತೇ ಮುಗಿಸಿಬಿಡುತ್ತೇನೆ. ಆಮೇಲೆ ನಿದ್ದೆಯಾದರೂ ಬಂದೀತು."

"ಇವತ್ತೇ ಮುಗಿಸುತ್ತೀಯಾ? ಭಲೇ!" ಎಂದರು ಗುರುಗಳು. "ಕುಳಿತುಕೋ. ಸುಮ್ಮನೆ ಕೂರಬೇಡ, ತಗೋ, ಕಾಯಿ ಸುಲಿ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಿದರೆ ಅಲ್ಲಿಗೇ ನಿಲ್ಲಿಸುತ್ತೇನೆ."

ಷಡಕ್ಷರಿ ಕುಳಿತುಕೊಂಡ. ಗುರುಗಳು ಹೇಳಿದರು.

ಬೆಟ್ಟದ ಬುಡದಲ್ಲಿ ಒಂದು ಊರು. ಚಳಿಯ ಊರು. ಆ ಊರಿನ ಹೆಂಗಸರು ಉಣ್ಣೆಯ ದಾರದಲ್ಲಿ ಶಾಲು ಹೆಣೆಯುತ್ತಿದ್ದರು. ಮಗ್ಗವಿಲ್ಲ, ಯಂತ್ರವಿಲ್ಲ. ಎರಡು ಬಿದಿರು ಕಡ್ಡಿ, ಒಂದು ಉಂಡೆ ದಾರ, ಎರಡು ಕೈ. ಅದಕ್ಕೆ ಲೇಸಿನ ಶಾಲು ಎಂದು ಹೆಸರು. ಲೇಸೆಂದರೆ ಒಳ್ಳೆಯದು ಎಂದು ನಾನು ನಿಮಗೆಲ್ಲ ಪಾಠ ಹೇಳಿದ್ದೇನೆ. ಆ ಊರಿಗೆ ಹೋಗಿ ಕೇಳಿದರೆ ಲೇಸೆಂದರೆ ತೂತು ಎನ್ನುತ್ತಾರೆ. ನಗಬೇಡ, ತೂತೇ. ದಾರವನ್ನು ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು, ಆ ತೂತುಗಳಲ್ಲೇ ಎಲೆ, ಹೂವು, ಬಳ್ಳಿ ಮೂಡಿಸುವ ಕೆಲಸ ಅದು. ಅಷ್ಟು ದೊಡ್ಡ ಶಾಲನ್ನು ಮಡಚಿದರೆ ಒಂದು ತೆಂಗಿನ ಚಿಪ್ಪಿನೊಳಗೆ ಹಿಡಿಯುತ್ತಿತ್ತು. ಆ ಊರಿನ ಹೆಣ್ಣುಮಕ್ಕಳು ಮದುವೆಯ ದಿನ ತವರಿನಲ್ಲಿ ಹೆಣೆದ ಇಂಥ ಶಾಲನ್ನೇ ಹೊದೆಯಬೇಕು. ಅದಿಲ್ಲದೆ ಹೊರಟ ಮದುವಣಗಿತ್ತಿಯನ್ನು ನೋಡಿ ಜನ ತವರಿನವರಿಗೆ ಏನಾಯಿತು ಎಂದು ಕೇಳುತ್ತಿದ್ದರು.

ಈಗ ಕೆಲಸದ ಒಂದು ಮಾತು ಹೇಳುತ್ತೇನೆ, ಕಿವಿಗೊಟ್ಟು ಕೇಳು. ಇದು ತಿಳಿಯದಿದ್ದರೆ ಕತೆಯೇ ತಿಳಿಯುವುದಿಲ್ಲ. ಶಾಲನ್ನು ಒಂದೇ ತುದಿಯಿಂದ ಕೊನೆಯವರೆಗೂ ಹೆಣೆಯುತ್ತಾ ಹೋದರೆ ಎಲೆಗಳೆಲ್ಲ ಒಂದೇ ಕಡೆಗೆ ಮುಖ ಮಾಡುತ್ತವೆ. ಹೊದ್ದುಕೊಂಡಾಗ ಒಂದು ಹೆಗಲಿನ ಮೇಲೆ ಎಲೆ ನೆಟ್ಟಗೆ, ಇನ್ನೊಂದು ಹೆಗಲಿನ ಮೇಲೆ ತಲೆಕೆಳಗು. ಅದಕ್ಕೆ ಅವರು ಎರಡು ತುದಿಗಳಿಂದ ಎರಡು ಅರ್ಧ ಹೆಣೆಯುತ್ತಿದ್ದರು. ಎರಡೂ ಅರ್ಧಗಳು ನಡುವಿನಲ್ಲಿ, ಕತ್ತಿನ ಹಿಂದೆ ಬರುವ ಜಾಗದಲ್ಲಿ, ಎದುರಾಗುತ್ತಿದ್ದವು. ಆಗ ಎರಡು ಕಡ್ಡಿಗಳ ಮೇಲೂ ಸಾಲಾಗಿ ಕುಣಿಕೆಗಳು ಇರುತ್ತವೆ. ಅವಕ್ಕೆ ಅವರು ಬಾಯಿ ಎನ್ನುತ್ತಿದ್ದರು. ಸೂಜಿಯಲ್ಲಿ ದಾರ ಪೋಣಿಸಿ, ಈ ಕಡೆಯ ಒಂದು ಬಾಯಿ, ಆ ಕಡೆಯ ಒಂದು ಬಾಯಿ, ಹೀಗೆ ಸೇರಿಸುತ್ತಾ ಹೋದರೆ ಶಾಲು ಒಂದಾಗುತ್ತದೆ. ಹೊಲಿಗೆ ಕಾಣುವುದಿಲ್ಲ. ಇದು ಬಾಯಿ ಕೂಡಿಸುವುದು. ಕೂಡಿಸದೆ, ಒಂದು ಕುಣಿಕೆಯನ್ನು ಪಕ್ಕದ್ದರ ಮೇಲೆ ಹಾರಿಸುತ್ತಾ ಅಂಚು ಕಟ್ಟಿ ಕಡ್ಡಿ ತೆಗೆದುಬಿಟ್ಟರೆ ಅದು ಬಾಯಿ ಮುಚ್ಚುವುದು. ಬಾಯಿ ಮುಚ್ಚಿದ ಕೆಲಸ ಎಲ್ಲಿಯೂ ಬಿಚ್ಚಿಹೋಗುವುದಿಲ್ಲ. ಆದರೆ ಆಮೇಲೆ ಅದಕ್ಕೆ ಇನ್ನೊಂದನ್ನು ಕೂಡಿಸಲು ಬರುವುದಿಲ್ಲ. ತಿಳಿಯಿತೇ? ತಿಳಿಯದೆ ತಲೆ ಆಡಿಸಬೇಡ, ಕೇಳು.

ತಿಳಿಯಿತಲ್ಲ, ಸರಿ.

ಆ ಊರಿನಲ್ಲಿ ಅಕ್ಕ ತಂಗಿ ಇಬ್ಬರಿದ್ದರು. ತಂಗಿ ಹುಟ್ಟಿದಾಗಲೇ ತಾಯಿ ಹೋದಳು. ತಂದೆಯೂ ಬಹಳ ದಿನ ಉಳಿಯಲಿಲ್ಲ. ಅಕ್ಕನಿಗೆ ಆಗ ಇನ್ನೂ ಲಂಗ ಉಡುವ ವಯಸ್ಸು. ಆ ಮಗುವನ್ನು ಅವಳೇ ಸೊಂಟದ ಮೇಲೆ ಹೊತ್ತಳು. ಹಾಲು ಕಾಸಿದಳು, ತಲೆ ಬಾಚಿದಳು, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡಳು. ಆ ಮಗುವಿಗಾಗಿ ತಾನು ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, ನನಗೆ ಆಗಲೇ ಒಬ್ಬ ಮಗಳಿದ್ದಾಳೆ ಎಂದು ನಗುತ್ತಿದ್ದಳು.

ಅಕ್ಕನ ಕೈ ಬಿಗಿ, ಮಾತು ಕಡಿಮೆ. ತಂಗಿಯ ಕೈ ಸಡಿಲ, ಮಾತು ಹೇಳತೀರದಷ್ಟು. ಕಡ್ಡಿ ಹಿಡಿದು ಕುಳಿತಳೆಂದರೆ ಬಾಯಿಯೂ ಕೈಯೂ ಜೊತೆಗೇ ಓಡುತ್ತಿದ್ದವು. ಬಿಗಿ ಕೈಯವಳ ಅರ್ಧ ಚಿಕ್ಕದಾಗಬೇಕು, ಸಡಿಲ ಕೈಯವಳ ಅರ್ಧ ದೊಡ್ಡದಾಗಬೇಕು, ಅಲ್ಲವೇ? ಅದಕ್ಕೆ ಅಕ್ಕ ತಾನು ದಪ್ಪ ಕಡ್ಡಿ ಹಿಡಿದು ತಂಗಿಗೆ ಸಣ್ಣ ಕಡ್ಡಿ ಕೊಟ್ಟಿದ್ದಳು. ಹೀಗೆ ಎರಡು ಅರ್ಧಗಳೂ ಸರಿಸಮ ಬರುತ್ತಿದ್ದವು. ಇಬ್ಬರೂ ಎದುರು ಬದುರು ಕುಳಿತು, ಎರಡು ತುದಿಗಳಿಂದ ಹೆಣೆಯುತ್ತಾ ಒಬ್ಬರ ಕಡೆಗೊಬ್ಬರು ಬರುತ್ತಿದ್ದರು. ಕೊನೆಗೆ ಕೂಡಿಸುವವಳು ಅಕ್ಕ. ಅವರ ಮನೆಯಿಂದ ಹೋದ ಶಾಲಿನಲ್ಲಿ ನಡುವೆಲ್ಲಿ ಎಂದು ಯಾರಿಂದಲೂ ಹೇಳಲು ಆಗುತ್ತಿರಲಿಲ್ಲ.

ತಂಗಿಗೆ ಬೆಟ್ಟದ ಆಚೆಯ ಊರಿನಲ್ಲಿ ನೂಲಿಗೆ ಬಣ್ಣ ಹಾಕುವ ಒಬ್ಬ ಬಣ್ಣಗಾರನೊಡನೆ ಮದುವೆ ಗೊತ್ತಾಯಿತು. ಒಳ್ಳೆಯ ಹುಡುಗ. ಅಕ್ಕನೇ ನೋಡಿ ಒಪ್ಪಿದ್ದಳು. ಅಕ್ಕ ತಂಗಿ ಇಬ್ಬರೂ ಮದುವೆಯ ಶಾಲು ಹಿಡಿದು ಕುಳಿತರು. ಅದರಂಥ ಶಾಲನ್ನು ಅವರು ಅದುವರೆಗೆ ಹೆಣೆದಿರಲಿಲ್ಲ. ಎರಡು ಅರ್ಧಗಳೂ ನಡುವಿಗೆ ಬಂದವು. ನಾಳೆ ಕೂಡಿಸಿದರೆ ಆಯಿತು.

ಅಂದು ಮಧ್ಯಾಹ್ನ ಕೊನೆಯ ಸಾಲು ಹೆಣೆಯುತ್ತಾ ತಂಗಿ ಹೊಸ ಮನೆಯ ಮಾತೆತ್ತಿದಳು. ಅಲ್ಲಿಯ ಹೊಳೆ ಹೀಗೆ, ಅಲ್ಲಿಯ ಅಂಗಳ ಹಾಗೆ, ಅಲ್ಲಿ ಹಸಿರು ಬಣ್ಣದ ನೀರಿನಲ್ಲಿ ಕೈ ಅದ್ದಿದರೆ ಹಬ್ಬದವರೆಗೂ ಹೋಗುವುದಿಲ್ಲವಂತೆ. ಅಕ್ಕ ಹೂಂಗುಟ್ಟುತ್ತಿದ್ದಳು. ಮಗಳು ಹೋಗುತ್ತಾಳೆ ಎಂದು ಒಳಗೇ ಬೇಯುತ್ತಿದ್ದಳು, ತೋರಿಸಲಿಲ್ಲ. ಆಮೇಲೆ ತಂಗಿ ಅತ್ತೆಯ ವಿಷಯಕ್ಕೆ ಬಂದಳು.

"'ನನ್ನನ್ನು ಅತ್ತೆ ಅನ್ನಬೇಡ, ಅವ್ವಾ ಅನ್ನು' ಅಂದರು ಅಕ್ಕಾ. ಹಾಗೇ ಅನ್ನುತ್ತೇನೆ. ನೋಡು, ಹುಟ್ಟಿದಾಗಿನಿಂದ ನನಗೆ ಅವ್ವ ಅಂತ ಕರೆಯುವುದಕ್ಕೆ ಒಬ್ಬರೂ ಇರಲಿಲ್ಲ. ಕೊನೆಗೂ ಒಬ್ಬಳು ಸಿಕ್ಕಳು!"

ಆ ಹುಡುಗಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಸಂತೋಷ ಬಾಯಿಗೆ ಬಂತು, ಆಡಿದಳು. ಆದರೆ ಅಕ್ಕನ ಎದೆಗೆ ಅದು ನೆಟ್ಟಗೆ ಹೋಗಿ ಹೊಡೆಯಿತು. ಇಷ್ಟು ವರ್ಷ ನಾನು ಯಾರಾಗಿದ್ದೆ ಹಾಗಾದರೆ? ಅವಳು ಕಡ್ಡಿಯಿಂದ ಕಣ್ಣೆತ್ತದೆ ಹೇಳಿದಳು:

"ಬಾಯಿ ಮುಚ್ಚು."

ಹುಟ್ಟಿದಾಗಿನಿಂದ ಅಕ್ಕ ಅವಳನ್ನು ಒಂದು ದಿನವೂ ಗದರಿಸಿರಲಿಲ್ಲ. ಆ ಮನೆಯಲ್ಲಿ 'ಬಾಯಿ ಮುಚ್ಚು' ಎನ್ನುವ ಮಾತು ಕೇಳಿದ್ದರೆ ಅದು ಕೆಲಸದ ಮಾತು ಮಾತ್ರ. ಚೌಕ ಮುಗಿಯಿತು, ಬಾಯಿ ಮುಚ್ಚು. ಕುಲಾವಿ ಮುಗಿಯಿತು, ಬಾಯಿ ಮುಚ್ಚು. ಬೇರೆ ಮನೆಯ ಹುಡುಗಿಯಾಗಿದ್ದರೆ ಬೈಗುಳ ಎಂದು ತಿಳಿದು, ಮುಖ ಊದಿಸಿಕೊಂಡು, ಸಂಜೆಗೆ ಮರೆತುಬಿಡುತ್ತಿದ್ದಳು. ಇವಳು ತನ್ನ ಕೈಯಲ್ಲಿದ್ದ ಅರ್ಧವನ್ನು ನೋಡಿದಳು. ಕಡ್ಡಿಯ ಮೇಲೆ ಬಾಯಿಗಳು ಸಾಲಾಗಿ ತೆರೆದಿದ್ದವು. ಅಕ್ಕ ಕೂಡಿಸುವುದಿಲ್ಲ ಎನ್ನುತ್ತಿದ್ದಾಳೆ. ನಿನ್ನ ಅರ್ಧಕ್ಕೆ ಅಂಚು ಕಟ್ಟಿಕೊಂಡು ನೀನು ಹೋಗು ಎನ್ನುತ್ತಿದ್ದಾಳೆ.

"ಮುಚ್ಚಲೇ ಅಕ್ಕಾ? ನಿಜವಾಗಿಯೂ ಮುಚ್ಚಲೇ?" ಎಂದು ಕೇಳಿದಳು.

ಅಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಾತು ನಿಲ್ಲಿಸು ಎಂದರೆ ಅದಕ್ಕೂ ಒಂದು ಪ್ರಶ್ನೆಯೇ ಎಂದುಕೊಂಡಳು.

"ಮುಚ್ಚು ಅಂದೆನಲ್ಲ!"

ತಂಗಿ ಅರ್ಧ ಶಾಲನ್ನು ಕಡ್ಡಿಯ ಸಮೇತ ಮಡಚಿ ತನ್ನ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಳು. ಮದುವೆಯ ದಿನ ಬರಿ ಸೀರೆಯಲ್ಲಿ ಹಸೆಮಣೆಯ ಮೇಲೆ ಕುಳಿತಳು. ಜನ ಪಿಸುಗುಟ್ಟಿದರು. ಅಕ್ಕನಿಗೆ ತಲೆ ತಗ್ಗಿಸುವಂತಾಯಿತು. ನೋಡು, ಹೊಸ ಅವ್ವ ಸಿಕ್ಕಿದ್ದಾಳೆಂದು ನನ್ನ ಕೈಯ ಶಾಲು ಬೇಡವಾಯಿತು ಎಂದುಕೊಂಡಳು. ತಂಗಿಯೋ, ಅಕ್ಕ ಈಗ ಕರೆದಾಳು, ಈಗ ಸೂಜಿ ತಂದಾಳು ಎಂದು ಕೊನೆಯ ಗಳಿಗೆಯವರೆಗೂ ಬಾಗಿಲು ನೋಡಿದಳು. ಹೊರಡುವಾಗ ಅಕ್ಕನ ಕಾಲು ಮುಟ್ಟಿದಳು. ಅಕ್ಕ ಹರಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಗಾಡಿ ಬೆಟ್ಟ ಹತ್ತಿತು.

ಎರಡು ಮಾತು ಸಾಕಿತ್ತು, ನೋಡು. ಆದರೆ ಯಾರು ಆಡಬೇಕು? ನಾನು ಹಿರಿಯಳು, ಅವಳೇ ಬರಲಿ ಎಂದು ಅಕ್ಕ ಕುಳಿತಳು. ಅಕ್ಕನೇ ಬೇಡ ಎಂದಮೇಲೆ ಯಾವ ಮುಖ ಹೊತ್ತು ಹೋಗಲಿ ಎಂದು ತಂಗಿ ಅಲ್ಲಿ ಕುಳಿತಳು.

ಅಕ್ಕನ ಬಳಿ ಆ ಶಾಲಿನ ಇನ್ನೊಂದು ಅರ್ಧ ಉಳಿಯಿತು. ಅದನ್ನು ಅವಳು ಕಡ್ಡಿಯಿಂದ ತೆಗೆಯಲಿಲ್ಲ. ಬಿಸಿಲಿನ ದಿನಗಳಲ್ಲಿ ಹೊರಗೆ ಹರಡುತ್ತಿದ್ದಳು, ಹುಳ ಹೊಡೆಯದಂತೆ ಬೇವಿನ ಎಲೆ ಇಟ್ಟು ಮತ್ತೆ ಮಡಚುತ್ತಿದ್ದಳು. ಬಿದಿರು ಕಡ್ಡಿ ಒಣಗಿ ಸೀಳಿದಾಗ ಹೊಸ ಕಡ್ಡಿ ಕೆತ್ತಿ, ಒಂದೊಂದೇ ಬಾಯನ್ನು ಅದಕ್ಕೆ ದಾಟಿಸಿದಳು. ಒಂದು ಬಾಯಿ ಜಾರಿದರೂ ಅದು ಕೆಳಕೆಳಗಿನ ಸಾಲುಗಳನ್ನೆಲ್ಲ ಬಿಚ್ಚಿಕೊಂಡು ಹೋಗುತ್ತದೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ. ನೆರೆಮನೆಯವರು, ಇದೇನು ಇನ್ನೂ ಮುಗಿದಿಲ್ಲವೇ ಎಂದರೆ, ಬಿಡುವಾಗಿಲ್ಲ ಎನ್ನುತ್ತಿದ್ದಳು.

ಬಿಡುವಿಲ್ಲದೆ ಏನು! ಬೇರೆ ಶಾಲುಗಳನ್ನು ಅವಳು ಒಬ್ಬಳೇ ಎರಡು ಅರ್ಧವೂ ಹೆಣೆದು ಕೂಡಿಸುತ್ತಿದ್ದಳು. ಮೊದಲನೆಯ ಅರ್ಧ ತನ್ನ ದಪ್ಪ ಕಡ್ಡಿಯಲ್ಲಿ. ಎರಡನೆಯದನ್ನು ತಂಗಿ ಬಿಟ್ಟುಹೋದ ಬೇರೆ ಸಣ್ಣ ಕಡ್ಡಿಗಳಲ್ಲಿ, ಕೈ ಸಡಿಲ ಮಾಡಿಕೊಂಡು, ಅವಳು ಕೂರುತ್ತಿದ್ದ ಜಾಗದಲ್ಲೇ ಕುಳಿತು ಹೆಣೆಯುತ್ತಿದ್ದಳು. ಕೈ ಸಡಿಲವಾಗುತ್ತಿರಲಿಲ್ಲ. ಮನೆಯಲ್ಲಿ ಕಡ್ಡಿಗೆ ಕಡ್ಡಿ ತಾಗುವ ಸದ್ದು ಮಾತ್ರ. ಆ ಹರಟೆ ಎಲ್ಲಿ ಹೋಯಿತು? ಆ ಹುಡುಗಿ ಒಂದು ಸಲ ಬಂದು ಎದುರು ಕುಳಿತು ಬಾಯಿಗೆ ಬಂದದ್ದನ್ನು ಹರಟಿದರೆ ಸಾಕು, ಯಾರನ್ನು ಬೇಕಾದರೂ ಅವ್ವಾ ಅನ್ನಲಿ, ನಾನು ಕೇಳುತ್ತಾ ಕೂರುತ್ತೇನೆ ಎನ್ನಿಸುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುವಾಗ ಕೈ ಮೊದಲು ಇಂಗಿನ ಡಬ್ಬಿಗೇ ಹೋಗುತ್ತಿತ್ತು. ತಂಗಿಗೆ ಇಂಗು ಜಾಸ್ತಿ ಇರಬೇಕು. ಈಗಲೂ ಅಕ್ಕ ಇಂಗು ಜಾಸ್ತಿಯೇ ಹಾಕುತ್ತಿದ್ದಳು, ಉಣ್ಣಲು ಆಗದೆ ಎದ್ದು ಕೈ ತೊಳೆಯುತ್ತಿದ್ದಳು.

ಬೆಟ್ಟದ ಕಡೆಯಿಂದ ಯಾರು ಬಂದರೂ ಅವಳು ಜಗಲಿಗೆ ಬಂದು ನಿಲ್ಲುತ್ತಿದ್ದಳು. ಏನನ್ನೂ ಕೇಳುತ್ತಿರಲಿಲ್ಲ. ಕೇಳಲು ಹೆದರಿಕೆ. ತಂಗಿ ತನ್ನ ಅರ್ಧಕ್ಕೆ ಬಾಯಿ ಮುಚ್ಚಿಬಿಟ್ಟಿದ್ದಾಳೆ ಎಂದು ಯಾರಾದರೂ ಹೇಳಿಬಿಟ್ಟರೆ? ಹೋಗಿ ನೋಡೋಣ ಎಂದು ಎಷ್ಟೋ ಸಲ ಬುತ್ತಿ ಕಟ್ಟಿದಳು. ಬಾಗಿಲ ತನಕ ಹೋಗಿ ಬುತ್ತಿ ಬಿಚ್ಚಿದಳು. ಹಂಬಲ ಅಂದರೆ ಅದು, ಷಡಕ್ಷರಿ. ನೀನು ಕತ್ತರಿಸಬೇಕು ಎನ್ನುತ್ತೀಯಲ್ಲ, ಅದೇ.

ವರ್ಷಕ್ಕೊಮ್ಮೆ ಒಬ್ಬ ವ್ಯಾಪಾರಿ ಶಾಲು ಕೊಳ್ಳಲು ಬರುತ್ತಿದ್ದ. ಕೆಟ್ಟವನಲ್ಲ. ಒಳ್ಳೆಯ ಮನುಷ್ಯ. ಅವಳು ಸೊರಗುತ್ತಿರುವುದನ್ನು ನೋಡಿ ಅವನಿಗೆ ಕರುಳು ಚುರ್ರೆಂದಿತು. ಪ್ರತಿ ಸಲ ಮೂಲೆಯಲ್ಲಿ ಅದೇ ಅರ್ಧ ಶಾಲನ್ನು ನೋಡುತ್ತಿದ್ದ. ಒಂದು ವರ್ಷ ಹೇಳಿಯೇಬಿಟ್ಟ.

"ತಾಯೀ, ಬಾಯಿ ತೆರೆದ ಕೆಲಸವನ್ನು ಮನೆಯಲ್ಲಿ ಇಟ್ಟುಕೊಂಡರೆ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ಬರುವವರಾಗಿದ್ದರೆ ಇಷ್ಟರಲ್ಲಿ ಬರುತ್ತಿದ್ದರು. ಮುಚ್ಚಿಬಿಡಿ. ಅರ್ಧವಾದರೇನು, ಕೊರಳಿಗೆ ಸುತ್ತಿಕೊಳ್ಳಲು ಚೆನ್ನಾಗಿಯೇ ಇರುತ್ತದೆ. ಮನಸ್ಸೂ ಹಗುರವಾಗುತ್ತದೆ."

ಅವಳು ಅವನ ಮೇಲೆ ರೇಗಿದಳು. ನಿನ್ನ ಕೆಲಸ ನೋಡಿಕೋ ಎಂದಳು. ಅವನು ಹೋದ. ಅವನ ಮಾತು ಮಾತ್ರ ಹೋಗಲಿಲ್ಲ.

ಆ ಚಳಿಗಾಲ ಅವಳಿಗೆ ಕೆಮ್ಮು ಹಿಡಿಯಿತು. ಎದ್ದು ಒಂದು ಲೋಟ ನೀರು ಕಾಯಿಸಿಕೊಳ್ಳಲೂ ಆಗಲಿಲ್ಲ. ಹಾಸಿಗೆಯಲ್ಲಿ ಮಲಗಿ ತಂಗಿಯ ಹೆಸರು ಹಿಡಿದು ಕರೆದಳು. ಗೋಡೆಯ ಹೊರತು ಯಾರಿಗೂ ಕೇಳಲಿಲ್ಲ. ಕೆಮ್ಮು ವಾಸಿಯಾದ ದಿನ ಅವಳು ಸ್ನಾನ ಮಾಡಿ, ಆ ಅರ್ಧ ಶಾಲನ್ನು ತೊಡೆಯ ಮೇಲೆ ಹರಡಿಕೊಂಡಳು. ಸಾಕು, ನನ್ನಿಂದ ಇನ್ನು ಆಗುವುದಿಲ್ಲ ಎಂದು ಜೋರಾಗಿಯೇ ಹೇಳಿದಳು. ಒಂದು ಬಾಯನ್ನು ಪಕ್ಕದ ಬಾಯಿಯ ಮೇಲೆ ಹಾರಿಸಿದಳು, ಎಳೆದಳು. ಇನ್ನೊಂದು ಹಾರಿಸಿದಳು, ಎಳೆದಳು. ಬಿಗಿ ಕೈ, ಅದರ ಮೇಲೆ ಅಳು. ಅಂಚು ತಂತಿ ಕಟ್ಟಿದ ಹಾಗೆ ಗಟ್ಟಿಯಾಯಿತು. ಕೊನೆಗೆ ದಾರದ ತುದಿ ಉಳಿಯಿತು.

ಆ ಊರಿನಲ್ಲಿ ಹೆಣೆಯುವವಳ ಹೆಚ್ಚುಗಾರಿಕೆ ಇರುವುದು ತುದಿ ಅಡಗಿಸುವುದರಲ್ಲಿ. ದಾರದ ತುದಿಯನ್ನು ಸೂಜಿಯಿಂದ ಅಂಚಿನೊಳಗೇ ಹಿಂದಕ್ಕೂ ಮುಂದಕ್ಕೂ ಓಡಿಸಿ, ಎಲ್ಲಿ ಶುರು ಎಲ್ಲಿ ಕೊನೆ ಎಂದು ಯಾರ ಕಣ್ಣಿಗೂ ಬೀಳದಂತೆ ಮಾಡಬೇಕು. ಅದರಲ್ಲಿ ಅಕ್ಕನನ್ನು ಮೀರಿಸಿದವರಿಲ್ಲ. ನಾನು ಅಡಗಿಸಿದ ತುದಿ ನನಗೇ ಸಿಗುವುದಿಲ್ಲ ಎಂದು ಅವಳು ಆಗಾಗ ಹೇಳಿಕೊಳ್ಳುತ್ತಿದ್ದಳು. ಈ ತುದಿಯನ್ನೂ ಹಾಗೇ ಅಡಗಿಸಿದಳು. ಶಾಲನ್ನು ತೊಳೆದು, ನಾಲ್ಕೂ ಕಡೆ ಎಳೆದು ಕಟ್ಟಿ ಒಣಗಿಸಿ, ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಒದ್ದೆಯಾಗಿ ಒಣಗಿದ ಉಣ್ಣೆ ಎಳೆಗೆ ಎಳೆ ಹಿಡಿದುಕೊಂಡಿತು.

ಸುಳ್ಳು ಹೇಳಬಾರದು, ಅವಳಿಗೆ ಸುಖವಾಯಿತು. ಅವತ್ತು ಮಲಗಿದವಳು ಬಿಸಿಲು ಬರುವವರೆಗೂ ಏಳಲಿಲ್ಲ. ಕನಸು ಬೀಳಲಿಲ್ಲ. ಹಸಿವಾಯಿತು. ಸಾರಿಗೆ ತನಗೆ ಬೇಕಾದಷ್ಟೇ ಇಂಗು ಹಾಕಿದಳು. ಬೆಟ್ಟದ ಕಡೆಯಿಂದ ಜನ ಬಂದರೆ ಜಗಲಿಗೆ ಬರುವುದನ್ನು ಬಿಟ್ಟಳು. ಮುಖ ತುಂಬಿಕೊಂಡಿತು. ಮುಂದಿನ ವರ್ಷ ವ್ಯಾಪಾರಿ ಬಂದು ನೋಡಿ, ನಾನು ಹೇಳಲಿಲ್ಲವೇ ತಾಯೀ ಎಂದು ಸಂತೋಷಪಟ್ಟ.

ಇಲ್ಲಿ ಷಡಕ್ಷರಿಯ ಮುಖ ಅರಳಿತು. "ಹಾಗಾದರೆ ಮುಚ್ಚಿದ್ದೇ ಸರಿ ತಾನೇ, ಬುದ್ಧಿ?"

"ಬಾಯಿ ಹಾಕಬೇಡ ಎಂದಿದ್ದೆ," ಎಂದರು ಗುರುಗಳು. "ಅದೇನು ಆತುರವೋ ನಿನಗೆ. ನಿನ್ನ ಮುಂದಿನ ಕಾಯಿ ಎಲ್ಲ ಹಾಗೇ ಇದೆ. ಸುಲಿ." ಆಮೇಲೆ ಮುಂದುವರಿಸಿದರು.

ಅದಾಗಿ ಸ್ವಲ್ಪ ಕಾಲಕ್ಕೆ, ಒಂದು ಬೆಳಗ್ಗೆ, ಅಕ್ಕ ಅಂಗಳಕ್ಕೆ ನೀರು ಹಾಕುತ್ತಿದ್ದಾಗ ಒಬ್ಬ ಹೆಂಗಸು ಗಂಟು ಹಿಡಿದು ಬಾಗಿಲಲ್ಲಿ ನಿಂತಳು. ಕಿವಿಯ ಹತ್ತಿರ ನರೆ ಕೂದಲು. ಬೆರಳ ತುದಿಗಳಲ್ಲಿ ಹಸಿರು ಬಣ್ಣ. ಅಕ್ಕ ಯಾರು ಎಂದು ಕೇಳುವಷ್ಟರಲ್ಲಿ ಅವಳೇ ಮಾತು ಶುರುಮಾಡಿದಳು. ಶುರುಮಾಡಿದ ಮೇಲೆ ಗುರುತು ಹಿಡಿಯದೆ ಇರಲು ಆಗುತ್ತದೆಯೇ? ಅಕ್ಕನ ಕೈಯಿಂದ ಚೊಂಬು ಬಿತ್ತು.

ತಂಗಿ ಹೊಸ್ತಿಲ ಹೊರಗೇ ನಿಂತು ಗಂಟು ಬಿಚ್ಚಿದಳು. ಒಳಗೆ ಅವಳ ಅರ್ಧ ಶಾಲು. ಕಡ್ಡಿ ಇರಲಿಲ್ಲ. ಎಂದೋ ಮುರಿದಿತ್ತು. ಒಂದು ಅರಿಸಿನದ ದಾರ, ಮದುವೆಯಲ್ಲಿ ಕೈಗೆ ಕಂಕಣ ಕಟ್ಟಿದ್ದ ದಾರ, ಅದನ್ನೇ ಬಾಯಿಗಳ ಸಾಲಿನೊಳಗೆ ಓಡಿಸಿ ಎರಡು ಕಡೆ ಗಂಟು ಹಾಕಿದ್ದಳು. ಒಂದು ಬಾಯಿಯೂ ಜಾರಿರಲಿಲ್ಲ. ಒಂದು ಬಾಯಿಯೂ ಮುಚ್ಚಿರಲಿಲ್ಲ.

"ನೀನು ಬಾಯಿ ಮುಚ್ಚು ಅಂದಿದ್ದೆ ಅಕ್ಕಾ," ಎಂದಳು ತಂಗಿ. "ಮುಚ್ಚೋಣ ಅಂತ ಎಷ್ಟೋ ಸಲ ಕೂತೆ. ಕೈ ಬರಲಿಲ್ಲ. ನಿನ್ನ ಮಾತು ಮೀರಿದೆ. ಅದಕ್ಕೇ ಇಷ್ಟು ವರ್ಷ ನಿನ್ನ ಮುಂದೆ ಬರಲು ಹೆದರಿಕೆ. ಈಗ ಮಗಳ ಮದುವೆ. ಅವಳು ಹೊದೆಯುವುದಾದರೆ ಇದನ್ನೇ ಹೊದೆಯಬೇಕು ಅನ್ನಿಸಿತು. ಅದೂ ಒಂದು ನೆವ ಅನ್ನು. ನಿನ್ನನ್ನು ನೋಡದೆ ನನಗೆ ಇರಲಾಗಲಿಲ್ಲ. ಬೈಯುವುದಾದರೆ ಒಳಗೆ ಕರೆದು ಬೈಯಿ."

ಅಕ್ಕನಿಗೆ ಆ ಮಧ್ಯಾಹ್ನದ ಮಾತು ಈಗ ತಿಳಿಯಿತು. ನಿಜವಾಗಿಯೂ ಮುಚ್ಚಲೇ ಎಂದು ಹುಡುಗಿ ಕೇಳಿದ್ದು ಏನನ್ನು ಎಂದು ತಿಳಿಯಿತು.

"ಅಯ್ಯೋ ಹುಚ್ಚೀ! ಮಾತು ನಿಲ್ಲಿಸು ಅಂತ ಅಂದದ್ದು ಕಣೇ ನಾನು! ನಿನ್ನ ಹರಟೆ ನಿಲ್ಲಿಸು ಅಂತ! ಅವ್ವ ಸಿಕ್ಕಳು ಅಂದೆಯಲ್ಲ, ಅದಕ್ಕೆ ಹೊಟ್ಟೆ ಉರಿದು ಅಂದೆ."

ತಂಗಿ ಬಾಯಿ ತೆರೆದು ನಿಂತಳು. ಆಮೇಲೆ ಇಬ್ಬರಿಗೂ ನಗು ಬಂತು. ನಗುತ್ತಾ ನಗುತ್ತಾ ಇಬ್ಬರೂ ಹೊಸ್ತಿಲ ಮೇಲೆ ಕುಳಿತು ಅತ್ತರು. ನೆರೆಮನೆಯವರು ಯಾರು ಸತ್ತರೋ ಎಂದು ಓಡಿಬಂದರು.

ತಂಗಿ ಕಣ್ಣು ಒರೆಸಿಕೊಂಡಳು. ತನ್ನ ಹಳೆಯ ಜಾಗಕ್ಕೆ ಹೋಗಿ ಕುಳಿತಳು. ಅರ್ಧ ಶಾಲನ್ನು ಮಡಿಲಲ್ಲಿ ಹರಡಿ, ಅರಿಸಿನದ ದಾರದ ಗಂಟಿಗೆ ಕೈ ಹಾಕಿದಳು.

"ನಿನ್ನದು ತಾ ಅಕ್ಕಾ. ಕೂಡಿಸೋಣ."

ಅಕ್ಕ ಪೆಟ್ಟಿಗೆಯ ಹತ್ತಿರ ಹೋದಳು. ಮುಚ್ಚಳದ ಮೇಲೆ ಕೈ ಇಟ್ಟಳು. ಎತ್ತಲಿಲ್ಲ. ತಂಗಿ ಅಷ್ಟರಲ್ಲಿ ಅಳಿಯನ ಕತೆ, ಬಣ್ಣದ ಹಂಡೆಯ ಕತೆ ಶುರುಮಾಡಿದ್ದಳು. ಯಾವ ಹರಟೆಗಾಗಿ ಅಕ್ಕ ಇಷ್ಟು ವರ್ಷ ಕಾದಿದ್ದಳೋ ಅದೇ ಹರಟೆ. ಅಕ್ಕನಿಗೆ ಒಂದು ಮಾತೂ ಕಿವಿಗೆ ಬೀಳಲಿಲ್ಲ.

ಕೊನೆಗೆ ಪೆಟ್ಟಿಗೆ ತೆರೆದು, ಮುಚ್ಚಿದ ಅರ್ಧವನ್ನು ತಂದು ತಂಗಿಯ ಎದುರು ಹರಡಿದಳು. ತಂಗಿಯ ಬೆರಳು ಅಂಚಿನ ಮೇಲೆ ಈ ತುದಿಯಿಂದ ಆ ತುದಿಗೆ ಹೋಯಿತು. ಅವಳ ಮಾತು ತಾನಾಗಿ ನಿಂತಿತು. ಆ ದಿನ ಅಕ್ಕ ಹೇಳಿದ್ದು ಇವತ್ತು ಆಯಿತು.

"ಯಾವಾಗ ಮುಚ್ಚಿದೆ?" ಎಂದು ಕೇಳಿದಳು.

"ಹೋದ ಚಳಿಗಾಲ."

ತಂಗಿ ಬೈಯಲಿಲ್ಲ. "ಪರವಾಗಿಲ್ಲ ಬಿಡು," ಎಂದಳು. "ತುದಿ ಎಲ್ಲಿ ಅಡಗಿಸಿದ್ದೀಯ ಹೇಳು. ಅಲ್ಲಿಂದ ಎಳೆದರೆ ಬಾಯಿಗಳೆಲ್ಲ ಮತ್ತೆ ತೆರೆದುಕೊಳ್ಳುತ್ತವೆ."

ಅಕ್ಕ ಶಾಲನ್ನು ಬಾಗಿಲ ಬೆಳಕಿಗೆ ತಂದಳು. ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದಳು. ಉಗುರಿನಿಂದ ತಡವಿದಳು. ಇದಿರಬಹುದು ಎಂದು ಒಂದು ಎಳೆ ಎತ್ತಿದಳು. ಅದಾಗಿರಲಿಲ್ಲ. ಕತ್ತರಿ ಎತ್ತಿಕೊಂಡಳು. ಲೇಸಿಗೆ ಕತ್ತರಿ ತಾಗಿಸಿದರೆ ಹರಿದದ್ದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಹೇಳುವವರಿಲ್ಲ. ಕತ್ತರಿಯನ್ನು ಕೆಳಗಿಟ್ಟಳು. ಮತ್ತೆ ಮೊದಲಿನಿಂದ ಹುಡುಕಿದಳು. ಅಷ್ಟು ಒಳ್ಳೆಯ ಕೆಲಸಗಾತಿ ಆಗಿರದಿದ್ದರೆ ಸಿಗುತ್ತಿತ್ತು. ಎದುರಿಗೆ ತಂಗಿ ಕುಳಿತಿದ್ದಳು. ಅವಳ ಮಡಿಲಲ್ಲಿ ಬಾಯಿಗಳೆಲ್ಲ ತೆರೆದು ಕಾಯುತ್ತಿದ್ದವು. ಒಂದು ಮಾರು ದೂರವೂ ಇರಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಮಡಿಲಿನ ಸಿಪ್ಪೆಯನ್ನು ಕೊಡವಿದರು. ಷಡಕ್ಷರಿ ಮುಂದಿನ ಮಾತಿಗಾಗಿ ಕಾದ. ಅವನ ಕೈಯಲ್ಲಿ ಒಂದು ಅವರೆಕಾಯಿ ಅರ್ಧ ಬಿರಿದು ಹಾಗೇ ಉಳಿದಿತ್ತು.

"ತುದಿ ಸಿಕ್ಕಿತೇ, ಬುದ್ಧಿ?"

ಗುರುಗಳು ಎದ್ದು ಒಳಗೆ ಹೋದರು. ಮರುದಿನಕ್ಕೆಂದು ಮಡಚಿಟ್ಟಿದ್ದ ಹೊಸ ಕಾವಿ ಬಟ್ಟೆಯನ್ನು ತಂದು ಅವನ ಮುಂದೆ ಇಟ್ಟರು.

"ಅದನ್ನು ಅವಳು ಹುಡುಕಿಕೊಳ್ಳಲಿ, ನೀನು ಹೇಳು, ನಿನ್ನದನ್ನು ನಾಳೆ ಬೆಳಗ್ಗೆ ಮುಚ್ಚಿಕೊಡಲೇ?"